ಕಾಲುರಿಯ ಮಾತ್ರೆ, ಎಗರುವ ಕೈ

ನಮ್ಮ ಕಡೆ ಅರವತ್ತು ದಾಟಿದವರಿರುವ ಮನೆಯಲ್ಲಿ ಒಂದು ಮಾತ್ರೆ ಡಬ್ಬಿ ಇದ್ದೇ ಇರುತ್ತದೆ. ಹೆಚ್ಚಾಗಿ ಅದು ಯಾರದೋ ಮದುವೆಯಲ್ಲಿ ಕೊಟ್ಟ ಸ್ವೀಟ್ ಬಾಕ್ಸು. ಫ್ರಿಜ್ಜಿನ ಮೇಲೋ ಟಿವಿ ಪಕ್ಕದಲ್ಲೋ ಅದರ ಜಾಗ. ಒಳಗೆ ಬಿಪಿ ಮಾತ್ರೆ, ಶುಗರ್ ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ. ಇವುಗಳ ನಡುವೆ ಒಂದು ಕ್ಯಾಪ್ಸೂಲ್ ಸ್ಟ್ರಿಪ್ಪು. ಇದು ಯಾವುದಕ್ಕೆ ಅಂತ ಕೇಳಿ ನೋಡಿ. "ಅದು ನರಕ್ಕೆ" ಅನ್ನುತ್ತಾರೆ.

ಆ ಸ್ಟ್ರಿಪ್ಪನ್ನು ತಿರುಗಿಸಿ ಹಿಂಭಾಗ ಓದಿದರೆ ಸಾಮಾನ್ಯವಾಗಿ ಎರಡು ಹೆಸರು ಇರುತ್ತವೆ. ಪ್ರಿಗ್ಯಾಬಲಿನ್ 75 ಮಿಲಿಗ್ರಾಂ, ಮಿಥೈಲ್‌ಕೊಬಾಲಮಿನ್ 750 ಮೈಕ್ರೋಗ್ರಾಂ. ಎರಡನೆಯದು ಬಿ12 ವಿಟಮಿನ್. ಮೊದಲನೆಯದು ವಿಟಮಿನ್ ಅಲ್ಲವೇ ಅಲ್ಲ. ಅದು ಮಿದುಳು ಮತ್ತು ಬೆನ್ನುಹುರಿಯ ಮೇಲೆ ಕೆಲಸ ಮಾಡುವ ಔಷಧ, ಫಿಟ್ಸ್ ಮಾತ್ರೆಗಳ ಬಳಗದ್ದು. ಎರಡನ್ನೂ ಒಂದೇ ಕ್ಯಾಪ್ಸೂಲಿನೊಳಗೆ ತುಂಬಿರುವುದರಿಂದ ಜನರ ಮನಸ್ಸಿನಲ್ಲಿ ಪೂರ್ತಿ ಕ್ಯಾಪ್ಸೂಲೇ ಶಕ್ತಿ ಮಾತ್ರೆ ಆಗಿಬಿಟ್ಟಿದೆ. ಪಕ್ಕದ ಮನೆಯವರು ಕಾಲು ಜೋಮು ಹಿಡೀತು ಅಂದರೆ, "ನಂದೇ ಒಂದೆರಡು ತಗೊಂಡು ನೋಡಿ, ಏನೂ ಆಗಲ್ಲ" ಅಂತ ಹರಿದು ಕೊಡುವವರನ್ನು ನಾನು ನೋಡಿದ್ದೇನೆ.

ಏನೂ ಆಗಲ್ಲ ಅನ್ನುವುದು ಹೆಚ್ಚಿನವರ ಮಟ್ಟಿಗೆ ನಿಜವೇ. ಸ್ವಲ್ಪ ತೂಕಡಿಕೆ, ಸ್ವಲ್ಪ ತಲೆಸುತ್ತು, ಕೆಲವರಿಗೆ ಪಾದ ಊತ. ಇವನ್ನು ಡಾಕ್ಟರು ಹೇಳಿರುತ್ತಾರೆ, ಮೆಡಿಕಲ್ ಶಾಪಿನ ಹುಡುಗನೂ ಹೇಳುತ್ತಾನೆ. ಯಾರೂ ಹೇಳದ ಒಂದಿದೆ. ಕೈ ತಾನಾಗಿ ಎಗರುವುದು, ಹಿಡಿದದ್ದು ಜಾರುವುದು, ನಿಂತಲ್ಲೇ ಮಂಡಿ ಕುಸಿಯುವುದು. ಈ ಬರಹ ಅದರ ಬಗ್ಗೆ.

ನನ್ನ ದೊಡ್ಡಮ್ಮ ಅರಸೀಕೆರೆಯಲ್ಲಿದ್ದಾರೆ. ವಯಸ್ಸು 72, ತೂಕ 48 ಕೆಜಿ. ಶುಗರ್ ಬಂದು ಇಪ್ಪತ್ತು ವರ್ಷದ ಹತ್ತಿರ ಆಯಿತು. ಅವರ ಕಾಲುರಿ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ರಾತ್ರಿ ಹತ್ತಾದ ಮೇಲೆ ಅಂಗಾಲು ಕೆಂಡ. ಚಳಿಗಾಲದಲ್ಲೂ ಪಾದ ಮಾತ್ರ ಕಂಬಳಿಯಿಂದ ಹೊರಗೆ. ಒದ್ದೆ ಟವೆಲ್ ಸುತ್ತಿಕೊಂಡು ಮಲಗುತ್ತಿದ್ದರು, ಅದೂ ಸಾಲದಿದ್ದರೆ ಎದ್ದು ಬಚ್ಚಲುಮನೆಯ ತಣ್ಣನೆ ನೆಲದ ಮೇಲೆ ನಿಂತುಬಿಡುತ್ತಿದ್ದರು. ಹಗಲು ಅದೇ ಪಾದಕ್ಕೆ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದು. ಶುಗರ್‌ನಿಂದ ನರ ಹಾಳಾಗುವುದು ಅಂದರೆ ಹೀಗೇ. ಮುಟ್ಟಿದ್ದು ಗೊತ್ತಾಗುವುದಿಲ್ಲ, ಮುಟ್ಟದೇ ಇದ್ದದ್ದು ಉರಿಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ, 2023ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ನಮ್ಮ ದೇಶದಲ್ಲಿ ಶುಗರ್ ಇರುವವರು ಸುಮಾರು 10.1 ಕೋಟಿ. ಇವರಲ್ಲಿ ಎಷ್ಟೋ ಜನ ಇಂಥದ್ದೇ ರಾತ್ರಿ ಕಳೆಯುತ್ತಿರುತ್ತಾರೆ. ದೊಡ್ಡಮ್ಮನಿಗೆ ಪ್ರಿಗ್ಯಾಬಲಿನ್ ಶುರುವಾದ ಮೇಲೆ ನಿದ್ದೆ ಬಂತು. "ದೇವರಂಥ ಮಾತ್ರೆ ಕಣೇ" ಅಂದಿದ್ದರು ಫೋನಿನಲ್ಲಿ. ಹಾಗಾಗಿ ನಾನು ಈ ಔಷಧವನ್ನು ಬೈಯಲು ಕೂತಿಲ್ಲ.

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ದೊಡ್ಡಮ್ಮ ನಡುಮನೆಯಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದರು. ನಾನು ಚಿಕ್ಕವಳಿದ್ದಾಗಿನಿಂದ ನೋಡಿದ ಕೈ ಅದು. ಕಣ್ಣು ಟಿವಿ ಕಡೆ, ಬೆರಳು ತನ್ನ ಪಾಡಿಗೆ. ಬಾಳೆನಾರನ್ನು ಕಾಲ್ಬೆರಳಿಗೆ ಸಿಕ್ಕಿಸಿ, ಎರಡು ಹೂ ಆ ಕಡೆ ಎರಡು ಹೂ ಈ ಕಡೆ ಇಟ್ಟು ಒಂದು ಸುತ್ತು, ಒಂದು ಗಂಟು. ಅವತ್ತು ಗಂಟು ಹಾಕುವ ಹೊತ್ತಿಗೆ ಸರಿಯಾಗಿ ಬಲಗೈ ಎಗರಿತು. ಹೂ ಚೆಲ್ಲಿತು. ಅವರು ಮತ್ತೆ ಜೋಡಿಸಿಕೊಂಡರು. ಮತ್ತೆ ಎಗರಿತು. ಈ ಸಲ ಎಗರಲಿಲ್ಲ ಅನ್ನಬೇಕು, ಮಣಿಕಟ್ಟು ಒಂದು ಕ್ಷಣ ಸೋತು ಕೆಳಗೆ ಬಿತ್ತು, ತಕ್ಷಣ ಮೇಲೆದ್ದಿತು. ಅವರು ಟಿವಿ ಬಿಟ್ಟು ಕೈಯನ್ನೇ ನೋಡುತ್ತಾ ಕಟ್ಟತೊಡಗಿದರು. ಆಗ ಇನ್ನೂ ಜಾಸ್ತಿ ಆಯಿತು.

ಕೈಯನ್ನು ಮಡಿಲಲ್ಲಿ ಸುಮ್ನೆ ಇಟ್ಟಾಗ ಏನೂ ಇಲ್ಲ. ಏನಾದರೂ ಹಿಡಿಯಲು ಹೋದರೆ, ಎತ್ತಿ ಹಿಡಿದು ನಿಂತರೆ ಶುರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಒಳಗೆ ಅರ್ಧವೇ ಕಾಫಿ. ಚೆಲ್ಲಿ ಚೆಲ್ಲಿ ಅವರೇ ಮಾಡಿಕೊಂಡ ಏರ್ಪಾಡು ಅದು. ರಾತ್ರಿ ಮಲಗಿದ ಮೇಲೆ ಭುಜ, ತೊಡೆ ಆಗಾಗ ಬೆಚ್ಚಿಬೀಳುತ್ತಿತ್ತು.

ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು. ವಯಸ್ಸಾಯ್ತಲ್ಲ ಅಂದರು. ನಿಶ್ಶಕ್ತಿ, ಎಳನೀರು ಕೊಡಿ ಅಂದರು. ಎದುರು ಮನೆಯ ಅಜ್ಜಿ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದರು. ನನ್ನ ಅಣ್ಣ ಮೊಬೈಲಿನಲ್ಲಿ ಹುಡುಕಿ ಪಾರ್ಕಿನ್ಸನ್ ಅಂದ. ಹತ್ತಿರದ ಕ್ಲಿನಿಕ್ಕಿನಲ್ಲಿ, ನರ ವೀಕಾಗಿದೆ, ಅದೇ ಕ್ಯಾಪ್ಸೂಲನ್ನು ಇನ್ನು ಮೇಲೆ ದಿನಕ್ಕೆ ಮೂರು ಮಾಡಿ ಅಂದರು. ಪುಣ್ಯಕ್ಕೆ ಆ ಮೂರನೆಯದು ಶುರುವಾಗುವ ಮೊದಲೇ ನಾವು ಬೇರೆ ಡಾಕ್ಟರ ಹತ್ತಿರ ಹೋದೆವು.

ಇವರಲ್ಲಿ ಒಬ್ಬರೂ ಡಬ್ಬಿಯ ಕಡೆ ನೋಡಲಿಲ್ಲ. ನರಕ್ಕೆ ಅಂತ ಕೊಟ್ಟಿರುವ ಮಾತ್ರೆಯಿಂದ ನರಕ್ಕೇ ತೊಂದರೆ ಆಗುತ್ತದೆ ಅಂತ ಯಾರಿಗೆ ತಾನೇ ಹೊಳೆದೀತು?

ತಾನಾಗಿ ಆಗುವ ಚಲನೆಗಳೆಲ್ಲ ಒಂದೇ ಅಲ್ಲ. ನಾವು ಎಲ್ಲದಕ್ಕೂ ನಡುಕ ಅಂದುಬಿಡುತ್ತೇವೆ. ನಡುಕಕ್ಕೆ ಒಂದು ತಾಳ ಇರುತ್ತದೆ, ಅದೇ ವೇಗದಲ್ಲಿ ಹಿಂದೆ ಮುಂದೆ. ಪಾರ್ಕಿನ್ಸನ್‌ನಲ್ಲಿ ಕೈ ಸುಮ್ನೆ ಇದ್ದಾಗಲೇ ನಡುಕ ಜಾಸ್ತಿ, ಲೋಟ ಹಿಡಿದರೆ ಕಡಿಮೆಯಾಗುವುದುಂಟು. ದೊಡ್ಡಮ್ಮನದು ಇದಕ್ಕೆ ಪೂರಾ ಉಲ್ಟಾ. ತಾಳವೂ ಇಲ್ಲ. ಸ್ನಾಯು ಇದ್ದಕ್ಕಿದ್ದಂತೆ ಒಮ್ಮೆ ಎಳೆದುಬಿಡುವುದಕ್ಕೆ ಡಾಕ್ಟರುಗಳು ಮಯೋಕ್ಲೋನಸ್ ಅನ್ನುತ್ತಾರೆ. ಅದು ನಮಗೇನೂ ಹೊಸದಲ್ಲ. ನಿದ್ದೆ ಹತ್ತುವಾಗ ಮೆಟ್ಟಿಲು ತಪ್ಪಿದ ಹಾಗೆ ಕಾಲು ಝಾಡಿಸುತ್ತದಲ್ಲ, ಅದೂ ಮಯೋಕ್ಲೋನಸ್ಸೇ. ಬಿಕ್ಕಳಿಕೆ ಕೂಡ ಅದೇ ಜಾತಿ, ಅಲ್ಲಿ ಎಳೆಯುವುದು ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು, ವಪೆ. ಇಂಥ ಜರ್ಕ್ ಹಗಲು ಹೊತ್ತು, ಎಚ್ಚರದಲ್ಲಿ, ಮತ್ತೆ ಮತ್ತೆ ಬಂದರೆ ಮಾತ್ರ ಕಾರಣ ಹುಡುಕಬೇಕು.

ಇದರದೇ ಇನ್ನೊಂದು ರೂಪ ಇದೆ. ಅಲ್ಲಿ ಸ್ನಾಯು ಎಳೆಯುವುದಿಲ್ಲ, ಕೆಲಸ ನಿಲ್ಲಿಸುತ್ತದೆ. ಸೆಕೆಂಡಿನ ಹತ್ತರಲ್ಲೊಂದು, ಐದರಲ್ಲೊಂದು ಪಾಲಿನಷ್ಟು ಹೊತ್ತು ಬಿಗಿ ಪೂರ್ತಿ ಹೋಗಿ ಮತ್ತೆ ಬರುತ್ತದೆ. ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಅಂಗೈ ಹಿಂದಕ್ಕೆ ಬಾಗಿಸಿ ಹಿಡಿಯಿರಿ ಅಂದರೆ ಮಣಿಕಟ್ಟು ಪಟಪಟ ಬಿದ್ದೇಳುತ್ತದೆ. ಆಸ್ಟೆರಿಕ್ಸಿಸ್ ಅಂತ ಇದರ ಹೆಸರು. ಅಮೆರಿಕದ ಆಡಮ್ಸ್ ಮತ್ತು ಫೋಲಿ ಎಂಬ ಡಾಕ್ಟರುಗಳು 1949ರಲ್ಲಿ ಲಿವರ್ ಕೆಟ್ಟವರಲ್ಲಿ ಇದನ್ನು ಗುರುತಿಸಿದರು. ಆಮೇಲೆ ಕಿಡ್ನಿ ಕೆಟ್ಟವರಲ್ಲಿ, ಕೆಲವು ಮಾತ್ರೆ ತಗೊಳ್ಳುವವರಲ್ಲಿ ಕೂಡ ಕಂಡಿತು. ಕೈಯಲ್ಲಾದರೆ ಲೋಟ ಬೀಳುತ್ತದೆ, ಅಷ್ಟೇ. ಅದೇ ತೊಡೆಯ ಸ್ನಾಯುವಿನಲ್ಲಿ ಆದರೆ ನಿಂತ ಮನುಷ್ಯ ಕುಸಿಯುತ್ತಾನೆ. "ತಲೆಸುತ್ತಲಿಲ್ಲ, ಎಡವಲಿಲ್ಲ, ಕಾಲು ಸುಮ್ನೆ ಕೈಕೊಡ್ತು" ಅಂತ ವಯಸ್ಸಾದವರು ಹೇಳಿದರೆ ಅದನ್ನು ಬರೀ ನಿಶ್ಶಕ್ತಿ ಅಂತ ತಳ್ಳಿಹಾಕಬಾರದು. ಸೊಂಟದ ಮೂಳೆ ಮುರಿದ ಮೇಲೆ ಗೊತ್ತಾಗಿ ಏನು ಪ್ರಯೋಜನ?

ಫಿಟ್ಸ್ ಅಂತ ಹೆದರುವವರಿಗೆ ಒಂದು ಮಾತು. ದೊಡ್ಡಮ್ಮನ ಕೈ ಎಗರುವಾಗಲೂ ಅವರು ಮಾತು ನಿಲ್ಲಿಸುತ್ತಿರಲಿಲ್ಲ. ಯಾರ ಮನೆ ಗೃಹಪ್ರವೇಶಕ್ಕೆ ಯಾರು ಬಂದಿರಲಿಲ್ಲ ಅನ್ನುವುದನ್ನು ಪೂರ್ತಿ ಹೇಳಿಯೇ ಮುಗಿಸುತ್ತಿದ್ದರು. ಮಾತ್ರೆಯಿಂದಾಗುವ ಜರ್ಕಿನಲ್ಲಿ ಸಾಮಾನ್ಯವಾಗಿ ಎಚ್ಚರ ತಪ್ಪುವುದಿಲ್ಲ. ಆದರೂ ಕೆಲವು ಬಗೆಯ ಮೂರ್ಛೆಯಲ್ಲಿ ಇದೇ ಥರ ಜರ್ಕ್ ಬರುವುದರಿಂದ ಡಾಕ್ಟರುಗಳು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ಮಾಡಿಸುತ್ತಾರೆ. ಅದು ಸರಿಯೇ. ಇನ್ನೊಂದು ವಿಷಯ, ಡಾಕ್ಟರ ಮುಂದೆ ಕೂತಾಗ ಕೈ ಬೇಕೆಂದೇ ಸುಮ್ಮನಿದ್ದುಬಿಡುತ್ತದೆ. ಮನೆಯಲ್ಲೇ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ನಮಗೆ ಅದು ಬಹಳ ಉಪಯೋಗಕ್ಕೆ ಬಂತು.

ಹಾಸನದಲ್ಲಿ ನಾವು ಹೋದ ಡಾಕ್ಟರು ವಿಡಿಯೋ ನೋಡಿದ ಮೇಲೆ ಕೇಳಿದ ಮೊದಲ ಪ್ರಶ್ನೆ, "ಮಾತ್ರೆಗಳನ್ನೆಲ್ಲ ತಂದಿದ್ದೀರಾ?" ಡಬ್ಬಿ ತಂದಿದ್ದೆವು. ಅವರು ಅದನ್ನು ಮೇಜಿನ ಮೇಲೆ ಸುರಿದು ಎಲ್ಲ ಸ್ಟ್ರಿಪ್ಪುಗಳನ್ನೂ ಮಗುಚಿ ಹಾಕಿದರು, ಬ್ರ್ಯಾಂಡ್ ಹೆಸರು ಕೆಳಗೆ, ಸಣ್ಣ ಅಕ್ಷರ ಮೇಲೆ. ಪೆನ್ನು ಹಿಡಿದು ಒಂದೊಂದರಲ್ಲೂ ಗೆರೆ ಎಳೆಯುತ್ತಾ ಹೋದರು. ಶುಗರ್ ಡಾಕ್ಟರು ಕಾಲುರಿಗೆ ಕೊಟ್ಟದ್ದು ಪ್ರಿಗ್ಯಾಬಲಿನ್ 75 ಜೊತೆಗೆ ಬಿ12, ದಿನಕ್ಕೆ ಎರಡು. ಸೊಂಟನೋವಿಗೆ ಇನ್ನೊಂದು ಕಡೆ ಕೊಟ್ಟ ರಾತ್ರಿ ಮಾತ್ರೆ ಬೇರೆ ಬಣ್ಣ, ಬೇರೆ ಕಂಪನಿ, ಬೇರೆ ಹೆಸರು. ಹಿಂದೆ ತಿರುಗಿಸಿದರೆ ಪ್ರಿಗ್ಯಾಬಲಿನ್ 75, ನಾರ್‌ಟ್ರಿಪ್ಟಿಲಿನ್ 10. ಅಂದರೆ ಒಂದೇ ಔಷಧ ಎರಡು ವೇಷದಲ್ಲಿ, ದಿನಕ್ಕೆ 225 ಮಿಲಿಗ್ರಾಂ. ಕೊಟ್ಟ ಇಬ್ಬರಿಗೂ ಇನ್ನೊಬ್ಬರು ಕೊಟ್ಟದ್ದು ಗೊತ್ತಿಲ್ಲ. ಇವುಗಳ ಜೊತೆ ನೋವಿಗೆ ಏಸಿಕ್ಲೋಫೆನಾಕ್, ಜಾಸ್ತಿ ನೋವಾದರೆ ಟ್ರಮಡಾಲ್, ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೋಗಿಸುವ ಇನ್ನೊಂದು.

225 ಅಂದರೆ ಏನು ಮಹಾ? ಪ್ರಿಗ್ಯಾಬಲಿನ್ ದಿನಕ್ಕೆ 600 ಮಿಲಿಗ್ರಾಂವರೆಗೂ ಕೊಡುವುದುಂಟು ಅಂತ ನೀವು ಕೇಳಬಹುದು. ಕಥೆ ಇರುವುದೇ ಇಲ್ಲಿ.

ನಾವು ನುಂಗುವ ಬಹಳಷ್ಟು ಮಾತ್ರೆಗಳನ್ನು ಲಿವರ್ ಒಡೆದು ಹಾಕುತ್ತದೆ. ಪ್ರಿಗ್ಯಾಬಲಿನ್ ಮತ್ತು ಅದರ ಅಣ್ಣ ಗ್ಯಾಬಪೆಂಟಿನ್ ಹಾಗಲ್ಲ. ಲಿವರ್ ಇವನ್ನು ಮುಟ್ಟುವುದೇ ಇಲ್ಲ ಅನ್ನಬಹುದು. ರಕ್ತಕ್ಕೆ ಸೇರಿದ್ದು ಹೆಚ್ಚುಕಡಿಮೆ ಹಾಗೇ, ಬದಲಾಗದೆ, ಮೂತ್ರದಲ್ಲಿ ಹೊರಗೆ ಹೋಗಬೇಕು. ಇರುವುದು ಕಿಡ್ನಿಯ ದಾರಿಯೊಂದೇ. ಕೆರೆಗೆ ಬರುವ ನೀರು ಅಷ್ಟೇ ಇದ್ದು ತೂಬು ಕಟ್ಟಿಕೊಂಡರೆ ಏನಾಗುತ್ತದೋ ಅದೇ ಇಲ್ಲೂ ಆಗುವುದು. ಡೋಸು ಜಾಸ್ತಿ ಮಾಡಿರುವುದಿಲ್ಲ, ಆದರೂ ಮೈಯಲ್ಲಿ ಔಷಧ ಏರುತ್ತಾ ಹೋಗುತ್ತದೆ.

ಗ್ಯಾಬಪೆಂಟಿನ್ ಕಂಪನಿಯ ಸೂಚನಾ ಹಾಳೆಯಲ್ಲೇ ಇದರ ಅಂಕಿ ಇದೆ. ಕಿಡ್ನಿ ಚೆನ್ನಾಗಿದ್ದವರಲ್ಲಿ ಔಷಧ ಅರ್ಧಕ್ಕೆ ಇಳಿಯಲು ಸುಮಾರು ಆರೂವರೆ ಗಂಟೆ ಸಾಕು. ಕಿಡ್ನಿಯ ಶೋಧಿಸುವ ಶಕ್ತಿ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕೆಳಗಿಳಿದವರಲ್ಲಿ 52 ಗಂಟೆ. ಮೂತ್ರವೇ ಬರದ ಡಯಾಲಿಸಿಸ್ ರೋಗಿಗಳಲ್ಲಿ, ಡಯಾಲಿಸಿಸ್ ಇಲ್ಲದ ದಿನ, 132 ಗಂಟೆ. ಐದೂವರೆ ದಿನ! ಅದೇ ರೋಗಿಯನ್ನು ಮೆಷಿನ್ನಿಗೆ ಹಾಕಿದರೆ 3.8 ಗಂಟೆ. ಡಯಾಲಿಸಿಸ್‌ನವರಿಗೆ ಮೈ ತುರಿಕೆಗೆ, ರಾತ್ರಿ ಕಾಲು ಸುಮ್ಮನಿರದ ತೊಂದರೆಗೆ ಗ್ಯಾಬಪೆಂಟಿನ್ ಕೊಡುವುದು ಮಾಮೂಲು. ಸರಿಯಾಗಿ ಕೊಡುವವರು ತೀರಾ ಸಣ್ಣ ಡೋಸನ್ನು ಡಯಾಲಿಸಿಸ್ ಮುಗಿದ ಮೇಲೆ ಕೊಡುತ್ತಾರೆ. ಬೇರೆ ಯಾರೋ ಮಾಮೂಲಿ ಡೋಸು ಬರೆದುಬಿಟ್ಟರೆ ಎರಡು ಮೂರು ದಿನದಲ್ಲಿ ಕೈಕಾಲು ಎಗರಲು ಶುರು, ಜೊತೆಗೆ ಮಂಪರು, ಅಸಂಬದ್ಧ ಮಾತು. ಒಂದು ಡಯಾಲಿಸಿಸ್ ಆದ ಮೇಲೆ ಮನುಷ್ಯ ಸರಿಹೋಗಿ ಎದ್ದು ಕೂತು ತಿಂಡಿ ಕೇಳುವುದುಂಟು. ನೋಡುವವರಿಗೆ ಪವಾಡ.

"ನಮ್ಮ ದೊಡ್ಡಮ್ಮನಿಗೆ ಕಿಡ್ನಿ ತೊಂದರೆ ಇಲ್ಲ, ಕ್ರಿಯಾಟಿನಿನ್ 1.3 ಇದೆ ಅಷ್ಟೇ" ಅಂದೆವು. ಕಿಡ್ನಿ ಸೋಸಿ ಹೊರಹಾಕುವ ಕಸ ಅದು, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಅದರ ಪಕ್ಕ ಒಂದು ನಕ್ಷತ್ರದ ಗುರುತು ಇತ್ತು, ಸ್ವಲ್ಪ ಜಾಸ್ತಿ ಅಂತ. ಡಾಕ್ಟರು ನಕ್ಕು, ಚೀಟಿಯ ಹಿಂದೆ ಲೆಕ್ಕ ಹಾಕಿ ತೋರಿಸಿದರು. 1976ರಿಂದ ಚಾಲ್ತಿಯಲ್ಲಿರುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಅದು, ಕಿಡ್ನಿಯ ಶೋಧಿಸುವ ಶಕ್ತಿಯನ್ನು ಅಂದಾಜು ಮಾಡಲು. 140ರಲ್ಲಿ ವಯಸ್ಸು ಕಳೆಯಬೇಕು, 68. ಅದಕ್ಕೆ ತೂಕದಿಂದ ಗುಣಿಸಬೇಕು, 68 ಗುಣಿಸು 48, ಅಂದರೆ 3264. ಇದನ್ನು 72 ಗುಣಿಸು ಕ್ರಿಯಾಟಿನಿನ್, ಅಂದರೆ 93.6ರಿಂದ ಭಾಗಿಸಬೇಕು. ಸುಮಾರು 34.9. ಹೆಂಗಸರಾದರೆ 0.85ರಿಂದ ಗುಣಿಸಬೇಕು. ಬಂದದ್ದು 29.6. ಆರೋಗ್ಯವಾಗಿರುವ ಯುವಕರಲ್ಲಿ ಇದು ನೂರರ ಆಸುಪಾಸು ಇರುತ್ತದೆ.

ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಸಣಕಲು ಅಜ್ಜಿಯ ಮೈಯಲ್ಲಿ ಸ್ನಾಯುವೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ರಕ್ತದಲ್ಲಿ ಕ್ರಿಯಾಟಿನಿನ್ ಅಷ್ಟಾಗಿ ಏರುವುದಿಲ್ಲ. ಎಂಬತ್ತು ಕೆಜಿ ತೂಗುವ ಮೂವತ್ತರ ಹುಡುಗನ 1.3 ಬೇರೆ, ದೊಡ್ಡಮ್ಮನ 1.3 ಬೇರೆ. 30ಕ್ಕಿಂತ ಕಡಿಮೆ ಇರುವವರಿಗೆ ಪ್ರಿಗ್ಯಾಬಲಿನ್ ಶುರು ಮಾಡಬೇಕಾದದ್ದು ದಿನಕ್ಕೆ 25ರಿಂದ, ಹೆಚ್ಚೆಂದರೆ 150. ಇವರು ತಗೊಳ್ಳುತ್ತಿದ್ದದ್ದು 225. ಮೂರನೇ ಕ್ಯಾಪ್ಸೂಲು ಸೇರಿದ್ದರೆ 300 ಆಗುತ್ತಿತ್ತು.

ಹಾಗಾದರೆ ತಿಂಗಳುಗಟ್ಟಲೆ ಏನೂ ಆಗದೆ ಈಗ ಯಾಕೆ ಆಯಿತು? ಡಾಕ್ಟರು ಕೆದಕಿ ಕೇಳಿದ ಮೇಲೆ ದೊಡ್ಡಮ್ಮ ಬಾಯಿಬಿಟ್ಟರು. ಹಬ್ಬಕ್ಕೆ ಮುಂಚೆ ಎರಡು ದಿನ ಭೇದಿ ಆಗಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಭೇದಿಯಲ್ಲಿ ನೀರು ಹೋಗಿದೆ, ಮೇಲೆ ಮೂತ್ರದ ಮಾತ್ರೆ, ಟೆಲ್ಮಿಸಾರ್ಟನ್, ಸೊಂಟನೋವಿನ ಏಸಿಕ್ಲೋಫೆನಾಕ್. ಈ ಮೂರೂ ಸೇರಿದರೆ ಗಟ್ಟಿ ಕಿಡ್ನಿಯೂ ಬಗ್ಗುತ್ತದೆ. ಮೊದಲೇ ಅರೆಬರೆ ನಡೆಯುತ್ತಿದ್ದ ಕಿಡ್ನಿ ಇನ್ನಷ್ಟು ಸೋತಿತ್ತು. ನೋವಿನ ಮಾತ್ರೆ ಕಿಡ್ನಿಗೆ ಕೆಟ್ಟದ್ದು ಅನ್ನುವುದು ಈಗ ಎಲ್ಲರಿಗೂ ಗೊತ್ತು. ಆದರೆ ಅದರಿಂದ ಇನ್ನೊಂದು ಮಾತ್ರೆ ಮೈಯಲ್ಲಿ ಕೂಡಿಕೊಂಡು ಕೈ ಎಗರುತ್ತದೆ ಅಂತ ಗಂಟು ಹಾಕಿ ನೋಡುವವರು ಕಡಿಮೆ.

ಸೊಂಟನೋವಿನ ಮಾತು ಬಂತಲ್ಲ, ಇಲ್ಲಿ ನನ್ನದೊಂದು ಸಿಟ್ಟು ಇದೆ. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೆ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಕೊಡುವುದು ನಮ್ಮಲ್ಲಿ ಅಭ್ಯಾಸವಾಗಿದೆ. 2017ರಲ್ಲಿ ಸಿಡ್ನಿಯ ಸಂಶೋಧಕರು 209 ಸಯಾಟಿಕಾ ರೋಗಿಗಳ ಮೇಲೆ ಪ್ರಿಗ್ಯಾಬಲಿನ್ ಪರೀಕ್ಷಿಸಿದರು. ಅರ್ಧ ಜನಕ್ಕೆ ಔಷಧ, ಉಳಿದವರಿಗೆ ನೋಡಲು ಅದೇ ಥರ ಇರುವ ಖಾಲಿ ಕ್ಯಾಪ್ಸೂಲು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ತಲೆಸುತ್ತು ಮಾತ್ರ ಔಷಧ ತಗೊಂಡವರಿಗೆ ಜಾಸ್ತಿ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ 2020ರಲ್ಲಿ ಸಯಾಟಿಕಾಗೆ ಇವನ್ನು ಕೊಡಬೇಡಿ ಅಂತಲೇ ಹೇಳಿತು. ಇಷ್ಟಾದರೂ ಸೊಂಟ ಹಿಡಿದುಕೊಂಡು ಕ್ಲಿನಿಕ್ಕಿಗೆ ಹೋದವರ ಚೀಟಿಯಲ್ಲಿ ಅದು ಇರುತ್ತದೆ. ಕಾಲುರಿಗೆ ಕೊಟ್ಟರೆ ಅರ್ಥವಾದರೂ ಇದೆ, ಇದಕ್ಕೆ ಯಾಕೆ?

ಇದರ ಹಿಂದೆ ಒಂದು ಹಳೆಯ ವ್ಯಾಪಾರದ ಕಥೆ ಇದೆ. ಗ್ಯಾಬಪೆಂಟಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1993ರ ಕೊನೆಗೆ, ಅದೂ ಫಿಟ್ಸ್‌ಗೆ, ಬೇರೆ ಔಷಧದ ಜೊತೆಗೆ ಕೊಡಲು. ಮಿದುಳನ್ನು ಶಾಂತ ಮಾಡುವ ಗಾಬಾ ಅನ್ನುವ ರಾಸಾಯನಿಕವನ್ನು ಹೋಲುವಂತೆ ಅದನ್ನು ತಯಾರಿಸಿದ್ದರು. ಕೊನೆಗೆ ನೋಡಿದರೆ ಅದು ಕೆಲಸ ಮಾಡುವುದು ಗಾಬಾದ ಜಾಗದಲ್ಲಿ ಅಲ್ಲ, ನರದ ಕ್ಯಾಲ್ಸಿಯಂ ಬಾಗಿಲಿನ ಒಂದು ಭಾಗಕ್ಕೆ ಅಂಟಿಕೊಂಡು ಅಂತ ತಿಳಿಯಿತು. ಫಿಟ್ಸ್ ಮಾರುಕಟ್ಟೆ ಚಿಕ್ಕದು. ಹಾಗಾಗಿ ನೋವು, ಮೈಗ್ರೇನ್, ಮಾನಸಿಕ ಕಾಯಿಲೆ ಅಂತ ಅನುಮತಿ ಇಲ್ಲದ ಎಲ್ಲದಕ್ಕೂ ಅದನ್ನು ದೂಡಿದರು. ಆ ಪ್ರಚಾರದ ಕೇಸಿನಲ್ಲಿ 2004ರಲ್ಲಿ ಅದನ್ನು ಮಾರುತ್ತಿದ್ದ ವಾರ್ನರ್-ಲ್ಯಾಂಬರ್ಟ್ ಕಂಪನಿ ತಪ್ಪೊಪ್ಪಿಕೊಂಡು, ದಂಡ ಮತ್ತು ಪರಿಹಾರ ಸೇರಿ 43 ಕೋಟಿ ಡಾಲರ್ ಕಟ್ಟಬೇಕಾಯಿತು. ಅಷ್ಟರಲ್ಲಿ ಅಭ್ಯಾಸ ಹರಡಿ ಆಗಿತ್ತು. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಪ್ರಿಗ್ಯಾಬಲಿನ್ ಔಷಧಕ್ಕೂ ಅನುಮತಿ ಸಿಕ್ಕಿತು.

ನಡುವೆ 2002ರಲ್ಲಿ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವಿಗೆ ಗ್ಯಾಬಪೆಂಟಿನ್‌ಗೆ ನ್ಯಾಯವಾಗಿಯೇ ಅನುಮತಿ ಸಿಕ್ಕಿತು. ಆ ನೋವು ಕಂಡವರಿಗೆ ಗೊತ್ತು, ರವಿಕೆ ಬಟ್ಟೆ ತಾಗಿದರೂ ಜೀವ ಹೋಗುತ್ತದೆ. ನಮ್ಮ ಕಡೆ ಈಗಲೂ ಮೊದಲು ಕೆಮ್ಮಣ್ಣು ಹಚ್ಚಿಸಿಕೊಂಡು ಬರುತ್ತಾರೆ, ಹಾವಿನ ತಲೆ ಬಾಲ ಕೂಡಿದರೆ ಕಥೆ ಮುಗೀತು ಅಂತ ಹೆದರುತ್ತಾರೆ. ಅಂಥವರಿಗೆ ಈ ಔಷಧ ಬೇಕು. ಬೇಕಾದವರಿಗೂ ಎಲ್ಲರಿಗೂ ಕೆಲಸ ಮಾಡುವುದಿಲ್ಲ ಅನ್ನುವುದು ಬೇರೆ ಮಾತು. 2015ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿಯಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ಒಬ್ಬರಿಗೆ ನೋವು ಅರ್ಧದಷ್ಟು ಇಳಿಯಬೇಕಾದರೆ ಏಳೆಂಟು ಜನಕ್ಕೆ ಪ್ರಿಗ್ಯಾಬಲಿನ್ ಕೊಡಬೇಕು.

ಡಬ್ಬಿಯಲ್ಲಿದ್ದ ಬೇರೆಯವುಗಳ ಮೇಲೂ ಡಾಕ್ಟರಿಗೆ ಅನುಮಾನ ಇತ್ತು. ನಾರ್‌ಟ್ರಿಪ್ಟಿಲಿನ್, ಅಮಿಟ್ರಿಪ್ಟಿಲಿನ್ ಬಳಗದ ಮಾತ್ರೆಗಳಲ್ಲಿ ಬೆರಳು ಸಣ್ಣಗೆ ನಡುಗಬಹುದು, ಕೆಲವರಿಗೆ ಜರ್ಕ್ ಕೂಡ. ನರನೋವಿಗೆ ಕೊಡುವ ಇನ್ನೊಂದು ಮಾತ್ರೆ ಡುಲಾಕ್ಸಿಟಿನ್ ತಗೊಳ್ಳುವವರಲ್ಲಿ ಕೆಲವರು ಕೂತಲ್ಲಿ ಕೂರಲಾರರು, ಕೆಲವರು ರಾತ್ರಿ ಹಲ್ಲು ಕಡಿಯುತ್ತಾರೆ. ಇವುಗಳ ಜೊತೆ ಟ್ರಮಡಾಲ್ ಸೇರಿದರೆ ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಮಿತಿಮೀರುವ ಅಪಾಯ ಇದೆ. ಅದು ಬರೀ ಕೈ ಎಗರುವ ತೊಂದರೆ ಅಲ್ಲ. ಜ್ವರ, ಬೆವರು, ಭೇದಿ, ಚಡಪಡಿಕೆ ಇರುತ್ತದೆ, ತಡವಾದರೆ ಪ್ರಾಣಕ್ಕೆ ಕುತ್ತು. ದೊಡ್ಡಮ್ಮನಿಗೆ ಭೇದಿ ಆಗಿತ್ತು ಅಂತ ಕೇಳಿದ ಕೂಡಲೇ ಡಾಕ್ಟರು ಎದ್ದು ಬಂದು ಅವರ ಪಾದವನ್ನು ಹಿಡಿದು ಗಕ್ಕನೆ ಮೇಲಕ್ಕೆ ತಳ್ಳಿದರು. ಸೆರೊಟೋನಿನ್ ಜಾಸ್ತಿ ಆಗಿದ್ದರೆ ಪಾದ ಕೈಯೊಳಗೇ ಪಟಪಟ ಬಡಿದುಕೊಳ್ಳುತ್ತದಂತೆ. ಬಡಿದುಕೊಳ್ಳಲಿಲ್ಲ. ಕಣ್ಣಿನ ಪಾಪೆ ನೋಡಿದರು, ಜ್ವರ ನೋಡಿದರು. ಅದಲ್ಲ ಅಂದರು. ಆದರೂ ಟ್ರಮಡಾಲ್ ಸ್ಟ್ರಿಪ್ಪು ಡಬ್ಬಿಗೆ ವಾಪಸ್ ಹೋಗಲಿಲ್ಲ.

ಮುಖದ ನರನೋವಿಗೆ ಕೊಡುವ ಕಾರ್ಬಮಜೆಪಿನ್ ಬೇರೆಯೇ ಥರ. ಅದರ ಡೋಸು ಏರಿದರೆ ಕುಡಿದವರ ಹಾಗೆ ನಡಿಗೆ ತೂರಾಡುತ್ತದೆ, ಮಣಿಕಟ್ಟು ಸೋತು ಬೀಳುವುದೂ ಉಂಟು. ರಕ್ತದಲ್ಲಿ ಸೋಡಿಯಂ ಕೂಡ ಇಳಿಯಬಹುದು.

ನರನೋವಿನ ಔಷಧ ಅಲ್ಲದಿದ್ದರೂ ಇನ್ನೊಂದನ್ನು ಹೇಳಲೇಬೇಕು, ಯಾಕೆಂದರೆ ಶುಗರ್ ಇರುವವರ ಡಬ್ಬಿಯಲ್ಲಿ ಇದು ಜೊತೆಗೇ ಇರುತ್ತದೆ. ಹೊಟ್ಟೆ ಉಬ್ಬರಕ್ಕೆ ಕೊಡುವ ಕೆಲವು ಗ್ಯಾಸ್ ಕ್ಯಾಪ್ಸೂಲುಗಳಲ್ಲಿ ಲೆವೋಸಲ್ಪಿರೈಡ್ ಇರುತ್ತದೆ. ವಾಂತಿಗೆ ಮೆಟೊಕ್ಲೋಪ್ರಮೈಡ್ ಕೊಡುತ್ತಾರೆ. ಇವು ಚಲನೆಗೆ ಬೇಕಾದ ಮಿದುಳಿನ ರಾಸಾಯನಿಕ ಡೋಪಮಿನ್‌ಗೆ ಅಡ್ಡ ಬರುತ್ತವೆ. ತಿಂಗಳುಗಟ್ಟಲೆ ತಗೊಂಡರೆ ನಡುಕ, ಮೈ ಬಿಗಿತ, ನಿಧಾನ ನಡಿಗೆ, ಥೇಟ್ ಪಾರ್ಕಿನ್ಸನ್. ಕೆಲವರಿಗೆ ಬಾಯಿ, ನಾಲಿಗೆ ತಾನಾಗಿ ಆಡುತ್ತಿರುತ್ತದೆ, ಮಾತ್ರೆ ಬಿಟ್ಟ ಮೇಲೂ ಕೆಲವೊಮ್ಮೆ ಹೋಗುವುದಿಲ್ಲ. ದೊಡ್ಡಮ್ಮನ ಗ್ಯಾಸ್ ಮಾತ್ರೆ ಸದ್ಯ ಬರೀ ಪ್ಯಾಂಟೊಪ್ರಜೋಲ್. ನಾನು ಊರಿಂದ ಬಂದ ಮೇಲೆ ನಮ್ಮ ಅತ್ತೆಯ ಡಬ್ಬಿಯನ್ನೂ ಮಗುಚಿ ನೋಡಿದೆ. ಅಲ್ಲಿ ಲೆವೋಸಲ್ಪಿರೈಡ್ ಇತ್ತು. ಅದು ಇನ್ನೊಂದು ರಾಮಾಯಣ.

ಈ ಥರದಲ್ಲಿ ಆಗುವ ದೊಡ್ಡ ಅನಾಹುತ ಅಂದರೆ ಒಂದು ಮಾತ್ರೆಯ ತೊಂದರೆಯನ್ನು ಹೊಸ ಕಾಯಿಲೆ ಅಂದುಕೊಂಡು ಅದಕ್ಕೆ ಇನ್ನೊಂದು ಮಾತ್ರೆ ಕೊಡುವುದು. ಪ್ರಿಗ್ಯಾಬಲಿನ್‌ನಿಂದ ಪಾದ ಊದಿದರೆ ಮೂತ್ರದ ಮಾತ್ರೆ. ಅದರಿಂದ ಕಿಡ್ನಿಗೆ ಏಟು ಬಿದ್ದರೆ ಪ್ರಿಗ್ಯಾಬಲಿನ್ ಇನ್ನೂ ಏರುತ್ತದೆ. ಕೈ ಎಗರಿದರೆ ಫಿಟ್ಸ್ ಮಾತ್ರೆ, ಕೈ ನಡುಗಿದರೆ ಪಾರ್ಕಿನ್ಸನ್ ಮಾತ್ರೆ. ಅದರಿಂದ ವಯಸ್ಸಾದವರಿಗೆ ಮಂಕು ಕವಿದು ಮರೆವು ಬಂದರೆ ಮರೆವಿನ ಮಾತ್ರೆ. ಸ್ವೀಟ್ ಬಾಕ್ಸ್ ಸಾಲದೆ ಪಾದರಕ್ಷೆಯ ಡಬ್ಬ ಬರುತ್ತದೆ.

ಹಾಗಂತ ಇದನ್ನು ಓದಿ ಇವತ್ತು ರಾತ್ರಿಯಿಂದಲೇ ಕ್ಯಾಪ್ಸೂಲು ನಿಲ್ಲಿಸಬೇಡಿ. ಪ್ರಿಗ್ಯಾಬಲಿನ್ ಆಗಲಿ ಗ್ಯಾಬಪೆಂಟಿನ್ ಆಗಲಿ ಥಟ್ಟನೆ ಬಿಟ್ಟರೆ ನಿದ್ದೆಗೇಡು, ಬೆವರು, ವಾಂತಿ, ಗಾಬರಿ ಬರುತ್ತವೆ, ಕೆಲವರಿಗೆ ನಿಜವಾದ ಫಿಟ್ಸೇ ಬರಬಹುದು. ಕಡಿಮೆಯೆಂದರೂ ಒಂದು ವಾರ ತಗೊಂಡು ಇಳಿಸಬೇಕು. ಎಷ್ಟು ವೇಗವಾಗಿ ಅನ್ನುವುದನ್ನು ಡಾಕ್ಟರು ಹೇಳಬೇಕು. ಮಂಪರು ಕವಿದಿದೆ, ಉಸಿರು ನಿಧಾನವಾಗಿದೆ, ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ ಅಂದರೆ ಕಾಯುವಂತಿಲ್ಲ, ಆಸ್ಪತ್ರೆಗೇ ಹೋಗಬೇಕು.

ದೊಡ್ಡಮ್ಮನ ರಾತ್ರಿಯ ಎರಡನೇ ವೇಷದ ಮಾತ್ರೆ ಅವತ್ತೇ ಹೋಯಿತು, ಏಸಿಕ್ಲೋಫೆನಾಕ್ ಹೋಯಿತು. ಮೂತ್ರದ ಮಾತ್ರೆ ಕೆಲವು ದಿನದ ಮಟ್ಟಿಗೆ ಬಂದ್. ಡ್ರಿಪ್ ಹಾಕಿದರು. ಉಳಿದ ಕ್ಯಾಪ್ಸೂಲನ್ನು ಹಂತಹಂತವಾಗಿ ಇಳಿಸಿದರು. ಕೆಲವೇ ದಿನದಲ್ಲಿ ಜರ್ಕ್ ಕಡಿಮೆಯಾಗುತ್ತಾ ಬಂದು ನಿಂತೇ ಹೋಯಿತು. ಮಾತ್ರೆ ಇಳಿಸಿದಾಗ ತೊಂದರೆಯೂ ಇಳಿಯುವುದೇ ಕಾರಣಕ್ಕೆ ಒಳ್ಳೆಯ ಸಾಕ್ಷಿ ಅಂತ ಡಾಕ್ಟರು ಹೇಳಿದರು. ಇಇಜಿ ಮಾಡಿಸುವ ಅಗತ್ಯವೇ ಬೀಳಲಿಲ್ಲ.

ಇಂಥದ್ದನ್ನು ಸರ್ಕಾರಕ್ಕೆ ತಿಳಿಸುವ ವ್ಯವಸ್ಥೆ ಇದೆ ಅಂತ ನನಗೆ ಗೊತ್ತಾದದ್ದೂ ಆ ಡಾಕ್ಟರಿಂದಲೇ. ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮ ಅಂತ 2010ರಿಂದ ನಡೆಯುತ್ತಿದೆ. ಗಾಜಿಯಾಬಾದ್‌ನಲ್ಲಿರುವ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್ ಇದನ್ನು ನೋಡಿಕೊಳ್ಳುತ್ತದೆ. ಡಾಕ್ಟರೇ ತಿಳಿಸಬೇಕು ಅಂತಿಲ್ಲ, ರೋಗಿಯ ಕಡೆಯವರೂ ತಿಳಿಸಬಹುದು. ಅದಕ್ಕೆ ಕನ್ನಡದಲ್ಲೇ ಫಾರಂ ಇದೆ, 1800-180-3024 ಅನ್ನುವ ಉಚಿತ ನಂಬರ್ ಇದೆ. ಮಾತ್ರೆಯಿಂದಲೇ ಆಯಿತು ಅಂತ ಸಾಬೀತು ಮಾಡುವ ಅಗತ್ಯವೂ ಇಲ್ಲ, ಅನುಮಾನ ಇದ್ದರೆ ಸಾಕು. ಸ್ಟ್ರಿಪ್ಪನ್ನು ಎಸೆಯದೆ ಇಟ್ಟುಕೊಂಡಿರಿ, ಬ್ಯಾಚ್ ನಂಬರ್ ಕೇಳುತ್ತಾರೆ.

ಈಗ ದೊಡ್ಡಮ್ಮನಿಗೆ ರಾತ್ರಿ ಒಂದೇ 25 ಮಿಲಿಗ್ರಾಂ, ಬಿ12 ಬೇರೆಯಾಗಿ. ಕಾಲುರಿ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಅಮಿಟ್ರಿಪ್ಟಿಲಿನ್ ಅವರ ಇಸಿಜಿಗೆ ಹೊಂದುವುದಿಲ್ಲವಂತೆ. ಅದಕ್ಕೆ ಪಾದಕ್ಕೆ ಹಚ್ಚಲು ಕ್ಯಾಪ್ಸೈಸಿನ್ ಕ್ರೀಮ್ ಬರೆದುಕೊಟ್ಟರು. ಮೆಣಸಿನಕಾಯಿಯ ಖಾರದ ಅಂಶವೇ ಅದು. ಹಚ್ಚುತ್ತಾ ಹೋದರೆ ನೋವು ತಿಳಿಸುವ ನರದ ತುದಿಗಳು ಮಂಕಾಗುತ್ತವೆ. ಶುರುವಿನಲ್ಲಿ ಮಾತ್ರ ಇನ್ನೂ ಉರಿ. ಹಚ್ಚಿದ ಕೈ ಸೋಪು ಹಾಕಿ ತೊಳೆಯಬೇಕು, ಗಾಯ ಇದ್ದ ಕಡೆ ಹಚ್ಚಬಾರದು. ರಕ್ತದೊಳಗೆ ಹೆಚ್ಚಾಗಿ ಸೇರುವುದಿಲ್ಲವಾದ್ದರಿಂದ ಕಿಡ್ನಿಯ ಚಿಂತೆ ಇಲ್ಲ. ಇಷ್ಟನ್ನೂ ನಾನು ವಿವರಿಸಿ ಹೇಳಿದ ಮೇಲೆ ದೊಡ್ಡಮ್ಮ ಟ್ಯೂಬನ್ನು ಮೂಸಿ ನೋಡಿದರು.

"ಕಾಲುರಿಗೆ ಮೆಣಸಿನಕಾಯಿನಾ? ಯಾವನು ಕಣೇ ಇದನ್ನ ಕಂಡುಹಿಡಿದೋನು?"

ಹಚ್ಚುತ್ತಿದ್ದಾರೆ. ದಿನಕ್ಕೆ ಮೂರು ಸಲ ಅಂತ ಚೀಟಿಯಲ್ಲಿದೆ, ಅವರು ಒಂದು ಸಲ ಹಚ್ಚಿ ಮೂರು ಸಲ ಬೈಯುತ್ತಾರೆ.